ಮರದ ಜಾಡು ಹಿಡಿದು: ಮೂಡುಬಿದಿರೆ, ಮಣಿಪಾಲ, ಮೆಕ್ಕೆಕಟ್ಟು

ನಮ್ಮ ದಾರಿ ಶುರುವಾದದ್ದು ಮಂಗಳೂರಿನ ಒಂದು ಸಾಮಿಲ್ಲಿನ ಅಂಗಳದಲ್ಲಿ. ಮರದ ಕೆಲಸ ನೋಡಲು ಹೊರಟವರು ಕೆತ್ತನೆಗಿಂತ ಮೊದಲು ಹಲಗೆ ಪೇರಿಸಿದ ಬಗೆ ನೋಡಬೇಕು. ನೆರಳಿನಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲೆ, ಎರಡೆರಡು ಅಡಿಗೊಂದರಂತೆ ಹಲಗೆಗಳ ನಡುವೆ ಇಂಚು ದಪ್ಪದ ರೀಪು (ಮರದ ಪಟ್ಟಿ) ಕೊಟ್ಟಿರಬೇಕು. ರೀಪುಗಳು ಮೇಲಿಂದ ಕೆಳಗೆ ಒಂದೇ ನೇರಕ್ಕೆ ಕೂರದಿದ್ದರೆ ಹಲಗೆ ಅಲ್ಲೇ ಡೊಂಕಾಗುತ್ತದೆ. ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯದಿದ್ದರೆ ಅವು ಬೇಗ ಒಣಗಿ ಸೀಳುತ್ತವೆ. ಅಂಚಿನಲ್ಲಿ ಉಳಿದ ಬಿಳಿ ಭಾಗವನ್ನು ಕಳೆದೇ ಅಳತೆ ಹಿಡಿಯಿರಿ. ಕುಟ್ಟೆ ಹುಳ ಹಿಡಿಯುವುದು ಅಲ್ಲಿಂದಲೇ.

ಕರಾವಳಿಯ ಆಚಾರಿಗಳ ಅರ್ಧ ಜಾಣ್ಮೆ ಗಾಳಿಯ ತೇವವನ್ನು ನಿಭಾಯಿಸುವುದರಲ್ಲಿದೆ. ಬೇಸಗೆಗೆ ಮುಂಚೆ ಇಲ್ಲಿ ಮರದ ತೇವ ಶೇ. 12ರ ಆಸುಪಾಸಿನಲ್ಲಿದ್ದರೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) 17–18ಕ್ಕೆ ಏರುತ್ತದೆ. ಈ ಐದಾರು ಅಂಶದ ವ್ಯತ್ಯಾಸಕ್ಕೇ ಮೂರಡಿ ಅಗಲದ ತೇಗದ ಮೇಜಿನ ಹಲಗೆ ಎಂಟೊಂಬತ್ತು ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ದಿಮ್ಮಿಯ ನಡುವಿನಿಂದ ಹೊರಕ್ಕೆ, ಉಂಗುರಗಳಿಗೆ ಅಡ್ಡಲಾಗಿ ಸೀಳಿದ ಹಲಗೆಯಲ್ಲಿ ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಲೆ ಜಾಸ್ತಿಯಾದರೂ ಮೇಜಿನ ಮೇಲ್ಭಾಗಕ್ಕೆ ಅದನ್ನೇ ಕೇಳಿ ತಗೊಳ್ಳಿ.

ಮೂಡುಬಿದಿರೆಗೆ ಮಂಗಳೂರಿನಿಂದ ಸುಮಾರು 35 ಕಿ.ಮೀ. ಎಲ್ಲರೂ ಸಾವಿರ ಕಂಬದ ಬಸದಿಗೆ ಹೋಗುತ್ತಾರೆ. ಮರದ ಆಸಕ್ತಿಯವರು ಇಲ್ಲಿ ಆಳಿದ ಚೌಟರ ಅರಮನೆಗೂ ಹೋಗಬೇಕು. ಅದು ಮನೆಯವರು ವಾಸಿಸುವ ಜಾಗ, ಕೇಳಿಯೇ ಒಳಗೆ ಹೋಗಿ. ಅಲ್ಲಿಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಳೆಯರು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಇವೆ. ಹತ್ತಿರ ನಿಂತರೆ ಒಬ್ಬಳ ಬೆನ್ನೋ ಕಾಲೋ ಕಾಣುತ್ತದೆ, ಎರಡು ಹೆಜ್ಜೆ ಹಿಂದೆ ಸರಿದರೆ ಆನೆ.

ಇಂಥದ್ದನ್ನು ಈಗ ಕೆತ್ತಿಸುವವರಿಗೆ ಎರಡು ಇಂಚಿನ ಹಲಗೆ, ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನ ಉಬ್ಬು ಸಾಕು. ಮೊದಲು ನಕ್ಷೆಯ ಹೊರಗೆರೆಯ ಸುತ್ತ ಉಳಿ ಇಳಿಸಿ ಹಿನ್ನೆಲೆ ತಗ್ಗಿಸಬೇಕು, ಬಳಿಕ ದೊಡ್ಡ ಮೈಗಳ ಏರಿಳಿತ, ಕಣ್ಣು ಬೆರಳುಗಳು ಕೊನೆಗೆ. ಸೊಂಡಿಲು, ಕಾಲುಗಳು ಮರದ ನೂಲಿನ, ಅಂದರೆ ಎಳೆಯ, ಉದ್ದಕ್ಕೇ ಬರುವಂತೆ ನಕ್ಷೆ ಕೂರಿಸಬೇಕು. ನೂಲಿಗೆ ಅಡ್ಡ ಬಂದ ತೆಳು ಭಾಗ ಕೊಡತಿಯ ಒಂದೇ ಏಟಿಗೆ ಹಾರಿಹೋಗುತ್ತದೆ.

ಕಾರ್ಕಳ ಕಲ್ಲಿನ ಊರು, ಅಲ್ಲಿ ನಿಲ್ಲದೆ ಮಣಿಪಾಲಕ್ಕೆ ಬಂದೆವು. ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರು ಚೌಕಿಮನೆ, ಮಿಯಾರು ಮನೆಗಳನ್ನು ಮೂಲ ಜಾಗದಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಮರಕ್ಕೆ ಮರ ಕೂಡುವ ಸಂದುಗಳನ್ನು ಅಂಟಿನಿಂದ ಮುಚ್ಚಿಬಿಟ್ಟರೆ ಮರವನ್ನು ಹೀಗೆ ಬಿಚ್ಚಿ ಜೋಡಿಸಲಾಗದು.

ಸಂದಿನ ಲೆಕ್ಕ ಸರಳ. ಒಂದೂವರೆ ಇಂಚಿನ ಪಟ್ಟಿಗೆ ಅದರ ಮೂರನೇ ಒಂದು ಪಾಲು, ಅಂದರೆ ಅರ್ಧ ಇಂಚು ದಪ್ಪದ ನಾಲಿಗೆ (ಇನ್ನೊಂದು ಮರದ ತೂತಿನೊಳಗೆ ಕೂರುವ ತುದಿ). ಅದು ಕೂರುವ ತೂತೂ ಅಷ್ಟೇ ಅಗಲ. ಬಿದಿರಿನ ಮೊಳೆಗೆ ತೂತು ಕೊರೆಯುವಾಗ ನಾಲಿಗೆಯ ತೂತನ್ನು ಬುಡದ ಕಡೆಗೆ ಒಂದು ಮಿ.ಮೀ.ನಷ್ಟು ಸರಿಸಿದರೆ, ಮೊಳೆ ಬಡಿದಾಗ ಸಂದು ತಾನಾಗಿ ಬಿಗಿಯುತ್ತದೆ. ತುಂಬ ಸರಿಸಿದರೆ ನಾಲಿಗೆಯೇ ಸೀಳುತ್ತದೆ. ಬಾಗಿಲ ಚೌಕಟ್ಟಿನೊಳಗಿನ ಹಲಗೆಗೆ ಅಂಟು ಬೇಡ. ಒಂದಡಿ ಅಗಲಕ್ಕೆ ಹಲಗೆ ಕೂರಲು ಎರಡೂ ಬದಿಯಲ್ಲಿ ಕೊರೆದ ಗಾಡಿಯಲ್ಲಿ ಎರಡೆರಡು ಮಿ.ಮೀ. ಜಾಗ ಬಿಡಿ. ಕಡಲ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಮರಕ್ಕೆ ಕಪ್ಪು ಕಲೆ ಮಾಡುತ್ತದೆ, ಹಿತ್ತಾಳೆಯದೇ ಒಳ್ಳೆಯದು.

ಉಡುಪಿಯ ರಥಬೀದಿ ದಾಟಿ, ಶಿರಿಯಾರದ ಹತ್ತಿರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನಕ್ಕೆ ಹೋದೆವು. ಕೆಂಪು ಬಳಿದ ಆಳೆತ್ತರದ ಮರದ ಭೂತಗಳ ಸಾಲು ಇರುವುದು ಅಲ್ಲಿ. ಇಲ್ಲಿಯ ಹಳೆಯ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ತುಳುನಾಡಿನಲ್ಲಿ ಇಂಥ ಕೆಲಸಕ್ಕೆ ಹೆಚ್ಚಾಗಿ ಹಲಸನ್ನೇ ಆರಿಸುತ್ತಾರೆ: ಉಳಿಗೆ ಸಲೀಸು, ಹುಳ ಕಡಿಮೆ. ಬಣ್ಣ ಬಳಿಯದೆ ಬಿಟ್ಟರೆ ಅದರ ಹಳದಿಯು ಬೆಳಕಿಗೆ ಕಂದಾಗುತ್ತದೆ.

ಮಾಡಿಸುವವರಿಗೆ ಇನ್ನಷ್ಟು. ಮಾಡಿನ ಪಕ್ಕಾಸು, ರೀಪುಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕುರ್ಚಿಗೆ ಬಳಿಯಬೇಡಿ, ಹಸಿ ಎಣ್ಣೆ ಚರ್ಮ ಸುಡುತ್ತದೆ. ಅರಗಿನ ಪಾಲಿಶ್ ಲೀಟರ್ ಸ್ಪಿರಿಟ್‌ಗೆ 250 ಗ್ರಾಂ ಲೆಕ್ಕದಲ್ಲಿ ಸಾಕು. ಮಳೆಗಾಲದಲ್ಲಿ ಬಳಿದರೆ ತೇವ ಸಿಕ್ಕಿ ಬೆಳ್ಳಗೆ ಮಬ್ಬಾಗುತ್ತದೆ. ಜನವರಿಯಿಂದ ಮಾರ್ಚ್‌ನೊಳಗೆ ಜೋಡಣೆ, ಪಾಲಿಶ್ ಎರಡೂ ಮುಗಿಸಿ ಎಂದು ಮುಂಗಡ ಕೊಡುವಾಗಲೇ ಹೇಳಿ. ಮೇಜಿನ ಡ್ರಾಯರ್‌ಗೆ ಮೇಲ್ಗಡೆ ಎರಡು ಮೂರು ಮಿ.ಮೀ. ಜಾಗ ಬಿಡಿಸಿ. ಜೋಡಿಸುವಾಗಲೇ ಬಿಗಿಯಾಗಿ ಕೂತದ್ದು ಜುಲೈಯಲ್ಲಿ ಎಳೆದರೂ ಬರುವುದಿಲ್ಲ.