ರಾತ್ರಿ ಹಚ್ಚುವ ಜೆಲ್: ನನ್ನ ಮೊಡವೆ ದಾಖಲೆ

ಜನವರಿ, ಸಂಕ್ರಾಂತಿ ಆದ ಮೇಲೆ

ಚರ್ಮದ ಡಾಕ್ಟರ್ ಬರೆದುಕೊಟ್ಟಿದ್ದು ಅಡಾಪಲೀನ್ ಶೇ 0.1 ಜೆಲ್. 15 ಗ್ರಾಂ ಟ್ಯೂಬ್, ರಾತ್ರಿ ಮಾತ್ರ ಹಚ್ಚಬೇಕು. ಜೊತೆಗೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ ಶೇ 2.5 ಜೆಲ್ ಕೂಡ ಚೀಟಿಯಲ್ಲಿದೆ, ಆದರೆ ಅದನ್ನು ಈಗಲೇ ಶುರು ಮಾಡಬೇಡಿ ಎಂದರು. ಮೊದಲು ಒಂದಕ್ಕೆ ಚರ್ಮ ಒಗ್ಗಬೇಕು, ಆಮೇಲೆ ಇನ್ನೊಂದು.

ನನ್ನ ಮೊಡವೆ ಗದ್ದ ಮತ್ತು ದವಡೆಯ ಸಾಲಿನಲ್ಲಿ ಜಾಸ್ತಿ. ಕೆನ್ನೆಯಲ್ಲಿ ಸಣ್ಣ ಬಿಳಿ ಗುಳ್ಳೆಗಳು, ಮೂಗಿನ ಪಕ್ಕ ಬ್ಲ್ಯಾಕ್‌ಹೆಡ್. ಡಾಕ್ಟರ್ ಮೇಡಂ ಮುಖ ನೋಡುವ ಮೊದಲು ತುಂಬ ಪ್ರಶ್ನೆ ಕೇಳಿದರು. ಮುಟ್ಟು ಸರಿಯಾಗಿ ಆಗುತ್ತದಾ, ಗದ್ದದಲ್ಲಿ ಕೂದಲು ಬರುತ್ತಿದೆಯಾ, ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಸದ್ಯಕ್ಕೆ ಮಗುವಿನ ಯೋಚನೆ ಇದೆಯಾ. ಮುಟ್ಟು ಏರುಪೇರಾಗಿದ್ದರೆ ಹಾರ್ಮೋನ್ ಪರೀಕ್ಷೆ ಮಾಡಿಸಬೇಕಾಗುತ್ತದೆ, ಬರೀ ಜೆಲ್ ಸಾಲದು. ಇನ್ನು ಅಡಾಪಲೀನ್ ವಿಟಮಿನ್ ಎ ಕುಟುಂಬದ ಔಷಧಿ, ರೆಟಿನಾಯ್ಡ್. ಚರ್ಮದಿಂದ ರಕ್ತಕ್ಕೆ ಸೇರುವುದು ಬಹಳ ಕಮ್ಮಿ. ಆದರೂ ಬಸುರಿಯರಿಗೆ ಕೊಡುವುದಿಲ್ಲ. ಮಗು ಬೇಕು ಅಂದುಕೊಂಡ ಕೂಡಲೇ ನನಗೆ ತಿಳಿಸಿ, ಜೆಲ್ ನಿಲ್ಲಿಸೋಣ ಎಂದು ಹೇಳಿ ಚೀಟಿಯ ಮೇಲೂ ಬರೆದರು.

ದಾವಣಗೆರೆಯಲ್ಲಿ ನಮ್ಮ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಕೊಟ್ಟೆ. ಅಂಗಡಿಯವರು ಅದನ್ನು ನೋಡಿ, 'ಇದು ಬಹಳ ನಿಧಾನ ಮೇಡಂ, ಇದನ್ನ ಹಚ್ಚಿ, ಹತ್ತು ದಿನಕ್ಕೆ ಮುಖ ಕ್ಲೀನ್ ಆಗುತ್ತೆ' ಎಂದು ಬೇರೊಂದು ಟ್ಯೂಬ್ ಮುಂದಿಟ್ಟರು. ಡಬ್ಬಿ ತಿರುಗಿಸಿ ಓದಿದೆ. ಮೂರು ಔಷಧಿ ಬೆರೆಸಿದ್ದು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಪಕ್ಕದಲ್ಲೇ ಕೆಂಪು ಗೆರೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಎಚ್ಚರಿಕೆ. ಮೊಮೆಟಾಸೋನ್ ಸ್ಟೀರಾಯ್ಡ್. ಈ ತರಹದ ತ್ರಿವಳಿ ಕ್ರೀಮಿನ ಮೂಲ 1975ರಲ್ಲಿ ಅಮೆರಿಕದ ಚರ್ಮದ ಡಾಕ್ಟರ್ ಕ್ಲಿಗ್‌ಮನ್ ಮತ್ತು ಜೊತೆಗಾರರು ಪ್ರಕಟಿಸಿದ ಮಿಶ್ರಣ. ಅದು ಬಂಗಿನಂತಹ ಕಲೆಗೆ, ಸ್ವಲ್ಪ ಕಾಲಕ್ಕೆ, ಡಾಕ್ಟರ್ ಕಣ್ಣೆದುರು ಬಳಸಲು ಇದ್ದದ್ದು. ನಮ್ಮಲ್ಲಿ ಅದೇ ಬಗೆಯದು ಬಿಳಿ ಮಾಡುವ ಕ್ರೀಮ್ ಆಗಿ, ಮೊಡವೆ ಕ್ರೀಮ್ ಆಗಿ ಮನೆ ಮನೆಗೆ ಹೋಗುತ್ತಿದೆ. ಹಚ್ಚಿದ ವಾರಕ್ಕೆ ಮುಖ ಹೊಳೆಯುತ್ತದೆ, ಕೆಂಪು ಇಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ, ಸ್ಟೀರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತವೆ. ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮದ ಡಾಕ್ಟರುಗಳ ಸಂಘ ಇದರ ವಿರುದ್ಧ ವರ್ಷಗಳಿಂದ ಕೂಗುತ್ತಿದೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ, ಸೇರಿಸಿತು. ಕೌಂಟರಿನ ಮೇಲೆ ಮಾತ್ರ ಇನ್ನೂ ಹೀಗೆ ಸಿಗುತ್ತಿದೆ. ನನಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಓಣಿಯ ಕಾಲೇಜು ಹುಡುಗಿಯರು ಇದೇ ಅಂಗಡಿಗೆ ಬರುತ್ತಾರೆ.

ಚೀಟಿಯಲ್ಲಿದ್ದದ್ದೇ ಕೊಡಿ ಎಂದು ಹೇಳಿ ತಗೊಂಡು ಬಂದೆ.

ಫೋಟೋ ದಾಖಲೆಗೆ ನಿಯಮ ಇಷ್ಟು: ಹಜಾರದ ಕಿಟಕಿ ಪಕ್ಕ, ಬೆಳಿಗ್ಗೆ ಮುಖ ತೊಳೆದ ಮೇಲೆ, ಅದೇ ಫೋನು, ಫಿಲ್ಟರ್ ಇಲ್ಲ. ಎಡ, ಬಲ, ಗದ್ದ. ಭಾನುವಾರಕ್ಕೊಮ್ಮೆ. ದಿನಾ ಕನ್ನಡಿ ನೋಡಿಕೊಂಡರೆ ಏನೂ ಗೊತ್ತಾಗಲ್ಲ, ಬರೀ ಬೇಜಾರು.

ಫೆಬ್ರವರಿ

ಶುರುವಿನಲ್ಲಿ ರಾತ್ರಿ ಬಿಟ್ಟು ರಾತ್ರಿ. ಹಚ್ಚುವ ವಿಧಾನವನ್ನು ವಿವರವಾಗಿಯೇ ಬರೆಯುತ್ತೇನೆ, ಯಾಕಂದ್ರೆ ಇಡೀ ಆಟ ಇರುವುದು ಇಲ್ಲೇ.

ಮುಖವನ್ನು ಸೌಮ್ಯವಾದ ಫೇಸ್‌ವಾಶ್‌ನಲ್ಲಿ ತೊಳೆದು, ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸುತ್ತೇನೆ. ಆಮೇಲೆ ಕಾಯಬೇಕು, ಹೆಚ್ಚುಕಮ್ಮಿ 20 ನಿಮಿಷ. ಚರ್ಮ ಒದ್ದೆ ಇದ್ದರೆ ಜೆಲ್ ಜಾಸ್ತಿ ಉರಿಯುತ್ತದೆ. ಆ ಹೊತ್ತಿನಲ್ಲಿ ನಾಳೆಯ ಅಡುಗೆಗೆ ಕಾಳು ನೆನೆಹಾಕುತ್ತೇನೆ. ಮೂಗಿನ ಮೂಲೆ, ಬಾಯಿಯ ಮೂಲೆ, ರೆಪ್ಪೆಯ ಸುತ್ತ ತೆಳ್ಳಗೆ ವ್ಯಾಸಲೀನ್ ಸವರಿಕೊಳ್ಳುತ್ತೇನೆ. ಜೆಲ್ ಹರಿದು ಹೋಗಿ ಕೂರುವ ಜಾಗಗಳು ಅವೇ. ನಂತರ ಬೆರಳ ತುದಿಗೆ ಒಂದು ಬಟಾಣಿ ಕಾಳಿನಷ್ಟು ಜೆಲ್. ಇಡೀ ಮುಖಕ್ಕೆ ಅಷ್ಟೇ. ಹಣೆಗೊಂದು ಚುಕ್ಕೆ, ಎರಡೂ ಕೆನ್ನೆಗೆ ಒಂದೊಂದು, ಗದ್ದಕ್ಕೊಂದು ಇಟ್ಟು ಹರಡುತ್ತೇನೆ. ಅಷ್ಟು ಸಾಲಲ್ಲ ಅನ್ನಿಸುತ್ತದೆ, ಸಾಲುತ್ತದೆ. ಜಾಸ್ತಿ ಹಚ್ಚಿದರೆ ಬೇಗ ವಾಸಿಯಾಗಲ್ಲ, ಸಿಪ್ಪೆ ಮಾತ್ರ ಬೇಗ ಏಳುತ್ತದೆ.

ಮೊಡವೆ ಎದ್ದ ಜಾಗಕ್ಕೆ ಮಾತ್ರ ಹಚ್ಚಿದರೆ ಆಗಲ್ವಾ ಎಂದು ಅತ್ತಿಗೆ ಕೇಳಿದರು. ಕಣ್ಣಿಗೆ ಕಾಣುವ ಮೊಡವೆ ವಾರಗಟ್ಟಲೆ ಮುಂಚೆಯೇ ಒಳಗೆ ಶುರುವಾಗಿರುತ್ತದೆ. ಕೂದಲಿನ ಬುಡದ ರಂಧ್ರದಲ್ಲಿ ಸತ್ತ ಚರ್ಮದ ಕಣಗಳು ಎಣ್ಣೆಯ ಜೊತೆ ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಆಮೇಲೆ ಒಳಗೆ ಬ್ಯಾಕ್ಟೀರಿಯಾ ಬೆಳೆದು, ಊದಿಕೊಂಡು, ಕೀವಾಗುತ್ತದೆ. ಅಡಾಪಲೀನ್ ಆ ಕಣಗಳು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಊತವನ್ನೂ ಸ್ವಲ್ಪ ಇಳಿಸುತ್ತದೆ. ಇನ್ನೂ ಕಾಣದ ಮೊಡವೆಗೇ ಈ ಜೆಲ್. ಅದಕ್ಕೇ ಮೊಡವೆ ಏಳುವ ಜಾಗಕ್ಕೆಲ್ಲ ಹರಡಬೇಕು, ಅದಕ್ಕೇ 12 ವಾರ ಆಗದೆ ಫಲ ಅಳೆಯಬಾರದು ಅನ್ನುತ್ತಾರೆ.

ಎರಡನೇ ವಾರದಲ್ಲಿ ಗದ್ದದ ಸುತ್ತ ಹೊಟ್ಟು ಎದ್ದಿತು. ನಗುವಾಗ ಚರ್ಮ ಬಿಗಿದಂತೆ ಆಗುತ್ತಿತ್ತು, ಸೋಪು ತಗುಲಿದರೆ ಚುರುಚುರು. ಆಗ ಡಾಕ್ಟರ್ ಹೇಳಿದ್ದ ಹಾಗೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್, ಮತ್ತೆ ಮಾಯಿಶ್ಚರೈಸರ್ ಮಾಡಿದೆ. ಉರಿ ಇಳಿಯಿತು. ಎರಡು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ಸಲಹೆ ಬಿಳಿ ಚರ್ಮದವರಿಗೆ ಬರೆದದ್ದು. ಅವರಿಗೆ ಮುಖ ಉರಿದರೆ ಕೆಂಪಾಗುತ್ತದೆ, ಕ್ರಮೇಣ ಹೋಗುತ್ತದೆ. ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಚರ್ಮ ಹಾಗಲ್ಲ. ಉರಿ ಎದ್ದ ಜಾಗದಲ್ಲೆಲ್ಲ ಕಪ್ಪು ಕಲೆ ಉಳಿಯುತ್ತದೆ. ಮೊಡವೆ ಎರಡು ವಾರದಲ್ಲಿ ಒಣಗಿದರೂ ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಹಾಗಾಗಿ 'ಉರಿದರೂ ತಡ್ಕೊಳ್ಳಿ, ಕೆಲಸ ಮಾಡ್ತಿದೆ ಅಂತ ಅರ್ಥ' ಅನ್ನುವ ಮಾತನ್ನು ನಮ್ಮವರು ಕೇಳಲೇಬಾರದು. ಉರಿಯದ ಹಾಗೆ ನಿಧಾನಕ್ಕೆ ಹೋಗುವುದೇ ನಮಗೆ ಚಿಕಿತ್ಸೆಯ ಅರ್ಧ ಭಾಗ.

ಅಜ್ಜಿ ಮುಖ ಹಿಡಿದು ನೋಡಿ, 'ಸುಟ್ಟಂಗಾಗೈತಲ್ಲೇ, ಅರಿಶಿನ-ಕಡ್ಲೆಹಿಟ್ಟು ಹಚ್ಚು, ಎರಡು ಹನಿ ನಿಂಬೆಹಣ್ಣು ಹಿಂಡು' ಎಂದರು. ಅಜ್ಜಿಯ ಕಾಳಜಿ ನನಗೆ ಗೊತ್ತು. ಆದರೆ ಈ ಜೆಲ್ ಹಚ್ಚುವಾಗ ನಿಂಬೆ ಬೇಡವೇ ಬೇಡ. ಹುಳಿ ಚರ್ಮವನ್ನು ಕೆರಳಿಸುತ್ತದೆ, ಬಿಸಿಲಿಗೆ ಹೋದರೆ ಸುಟ್ಟ ಗಾಯವೇ ಆಗಬಹುದು. ಕಡಲೆಹಿಟ್ಟು ಉಜ್ಜುವುದೂ ಬೇಡ. ಟೂತ್‌ಪೇಸ್ಟ್ ಅಂತೂ ಯಾವ ಕಾಲಕ್ಕೂ ಬೇಡ. ಅಜ್ಜಿಗೆ ಇದನ್ನು ಬಿಡಿಸಿ ಹೇಳಿದೆ. ಕೇಳಿಸಿಕೊಂಡರು, ಆದರೆ ಬೆಣ್ಣೆ ದೋಸೆ ಬಿಡು ಎಂದು ಹೊಸ ಷರತ್ತು ಹಾಕಿದರು. ಸಕ್ಕರೆ, ಮೈದಾದಂತಹ, ರಕ್ತದ ಸಕ್ಕರೆ ಬೇಗ ಏರಿಸುವ ತಿನಿಸು ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ ಅನ್ನುವುದಕ್ಕೆ ಆಧಾರ ಇದೆ. ವಾರಕ್ಕೊಂದು ದೋಸೆಯನ್ನು ನಾನು ಬಿಟ್ಟಿಲ್ಲ.

ಫೆಬ್ರವರಿ ಕೊನೆಯ ಫೋಟೋದಲ್ಲಿ ಮೊಡವೆ ಜನವರಿಗಿಂತ ಜಾಸ್ತಿ ಇವೆ. ಒಳಗಿದ್ದದ್ದು ಬೇಗ ಮೇಲೆ ಬರುವುದರಿಂದ ಮೊದಲ ಕೆಲವು ವಾರ ಹೀಗಾಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ಧೈರ್ಯ. ತುಂಬ ಜನ ಟ್ಯೂಬ್ ಎಸೆಯುವುದು ಇದೇ ಹಂತದಲ್ಲಿ. ಮಾಮೂಲಿ ಜಾಗದಲ್ಲೇ ಸಣ್ಣ ಗುಳ್ಳೆ ಜಾಸ್ತಿಯಾದರೆ ಕಾಯಬಹುದು. ನೀರುಗುಳ್ಳೆ, ರೆಪ್ಪೆ ಅಥವಾ ತುಟಿ ಊದುವುದು, ಮೈಯೆಲ್ಲ ತುರಿಕೆ ಕಂಡರೆ ಕಾಯುವಂತಿಲ್ಲ. ಜೆಲ್ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ.

ಮಾರ್ಚ್

ಹೋಳಿ. ನಮ್ಮೂರಲ್ಲಿ ಬಣ್ಣ ಆಡದೆ ಬೀದಿಗೆ ಇಳಿಯುವುದೇ ಕಷ್ಟ. ಹಿಂದಿನ ಒಂದೆರಡು ರಾತ್ರಿ ಜೆಲ್ ಬಿಟ್ಟೆ. ಬೆಳಿಗ್ಗೆ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್. ಸಂಜೆ ಬಣ್ಣ ಪೂರ್ತಿ ಹೋಗಲಿಲ್ಲ, ಉಜ್ಜಲೂ ಇಲ್ಲ. ಎರಡು ದಿನ ಕೆನ್ನೆ ಗುಲಾಬಿಯಾಗಿಯೇ ಇತ್ತು, ಅಷ್ಟೇ.

ಚರ್ಮ ತಣ್ಣಗಾದ ಮೇಲೆ ಬೆಂಜಾಯ್ಲ್ ಪೆರಾಕ್ಸೈಡ್ ಶುರು ಮಾಡಿದೆ, ಬೆಳಗಿನ ಹೊತ್ತು, ಕೀವು ತುಂಬಿದ ಜಾಗಗಳಿಗೆ. ಮೊದಲ ಮೂರು ದಿನ ದವಡೆಯ ಕೆಳಗೆ ಒಂದು ಚುಕ್ಕೆ ಜಾಗಕ್ಕೆ ಮಾತ್ರ ಹಚ್ಚಿ ನೋಡಿದೆ. ಅಪರೂಪಕ್ಕೆ ಕೆಲವರಿಗೆ ಇದರಿಂದ ತೀವ್ರ ಅಲರ್ಜಿ ಆಗುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿ, ಹೀಗೆ ಪರೀಕ್ಷಿಸಿ ನೋಡಲು ಹೇಳಿತ್ತು. ಶೇ 2.5 ಕಮ್ಮಿ ಆಯಿತೇನೋ ಅನ್ನಿಸಿದರೆ, ಶೇ 10ರ ಜೊತೆ ಹೋಲಿಸಿದಾಗ ಕೀವಿನ ಮೊಡವೆ ಇಳಿಸುವುದರಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ, ಉರಿ ಮಾತ್ರ ಶೇ 10ರಲ್ಲಿ ಜಾಸ್ತಿ. ಇನ್ನೊಂದು, ಇದು ಬಟ್ಟೆಯ ಬಣ್ಣ ತಿನ್ನುತ್ತದೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಬೇರೆ ಇಟ್ಟುಕೊಂಡೆ. ಸೀರೆ ಉಡುವ ದಿನ ಜೆಲ್ ಪೂರ್ತಿ ಒಣಗುವ ತನಕ ಸೆರಗು ಹೊದೆಯುವುದಿಲ್ಲ.

ಚಿಕ್ಕಮ್ಮನ ಮಗ ಹಳೇ ಚೀಟಿ ಹಿಡಿದು ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳಾನುಗಟ್ಟಲೆ ಹಚ್ಚುತ್ತಿದ್ದಾನೆ. ಅದು ಆ್ಯಂಟಿಬಯೋಟಿಕ್. ಒಂದನ್ನೇ ಉದ್ದಕ್ಕೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್‌ಗೆ ಆ ತೊಂದರೆ ಇಲ್ಲ, ಅದಕ್ಕೇ ಡಾಕ್ಟರುಗಳು ಎರಡನ್ನೂ ಜೊತೆಗೆ ಕೊಡುತ್ತಾರೆ. ಮೊದಲು ಕೆಲಸ ಮಾಡ್ತಿತ್ತು, ಈಗ ಮಾಡ್ತಿಲ್ಲ ಅಕ್ಕ ಎನ್ನುತ್ತಿದ್ದ. ಅವನನ್ನು ಚರ್ಮದ ಡಾಕ್ಟರ್ ಹತ್ತಿರ ಕಳಿಸಿದೆ.

ಯುಗಾದಿಯ ಎಣ್ಣೆಸ್ನಾನ ತಲೆಗೆ ಮತ್ತು ಮೈಗೆ ಮಾಡಿದೆ, ಮುಖ ಬಿಟ್ಟು. ಹಣೆಗೆ ಇಳಿದ ತಲೆಯೆಣ್ಣೆ ಅಲ್ಲಿಯ ರಂಧ್ರ ಮುಚ್ಚಿ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಅಮ್ಮನೇ ಹಣೆಗೆ ಪಟ್ಟಿ ಕಟ್ಟಿ ಎಣ್ಣೆ ಒತ್ತಿದರು.

ಏಪ್ರಿಲ್

ಬಿಸಿಲು. ಜೆಲ್‌ನಿಂದ ಚರ್ಮ ಬಿಸಿಲಿಗೆ ಸೂಕ್ಷ್ಮವಾಗುತ್ತದೆ, ಕಲೆಯಂತೂ ಬಿಸಿಲಿಗೆ ಇನ್ನೂ ಕಪ್ಪಾಗುತ್ತದೆ. ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚುತ್ತೇನೆ. ಬಣ್ಣ ಬೆರೆಸಿದ್ದು ಆರಿಸಿಕೊಂಡೆ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಕಂದು ಚರ್ಮದ ಕಲೆಗೆ ಅದು ಮುಖ್ಯ. ಮುಖ ಬೂದಿ ಬಳಿದಂತೆಯೂ ಕಾಣಲ್ಲ. ಸ್ಕೂಟಿಯಲ್ಲಿ ಹೋಗುವಾಗ ಮೇಲೆ ದುಪಟ್ಟಾ.

ಟ್ಯೂಬ್‌ಗಳನ್ನು ಸ್ಕೂಟಿ ಡಿಕ್ಕಿಯಲ್ಲಿ, ಕಿಟಕಿ ಹತ್ತಿರ ಇಡುವುದಿಲ್ಲ. ಬೆಂಜಾಯ್ಲ್ ಪೆರಾಕ್ಸೈಡ್ ಜಾಸ್ತಿ ಬಿಸಿಗೆ ಒಡೆದು ಬೆಂಜೀನ್ ಆಗಬಲ್ಲದು, ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಒಳಕೋಣೆಯ ಬೀರುವಿನಲ್ಲಿ, ಡಬ್ಬಿಯ ಮೇಲಿನ ದಿನಾಂಕ ನೋಡಿಕೊಂಡು ಇಟ್ಟಿದ್ದೇನೆ.

ಮದುವೆ ಸೀಸನ್ ಬೇರೆ. ಪಾರ್ಲರ್‌ನ ಅಕ್ಕ ಮೇಲ್ತುಟಿಗೆ ವ್ಯಾಕ್ಸ್, ಮುಖಕ್ಕೆ ಬ್ಲೀಚ್ ಮಾಡೋಣ ಎಂದರು. ರೆಟಿನಾಯ್ಡ್ ಹಚ್ಚುವ ಚರ್ಮದ ಮೇಲೆ ವ್ಯಾಕ್ಸ್ ಎಳೆದರೆ ಕೂದಲ ಜೊತೆ ಚರ್ಮವೂ ಕಿತ್ತು ಬರಬಹುದು. ಜೆಲ್ ಹೆಸರು ಹೇಳಿದ ಕೂಡಲೇ ಅವರಿಗೇ ಗೊತ್ತಾಯಿತು, ಬರೀ ಹುಬ್ಬು ಮಾಡಿ ಬಿಟ್ಟರು.

ಈಗ ದಿನಾ ರಾತ್ರಿ ಹಚ್ಚಿದರೂ ಉರಿ ಇಲ್ಲ.

ಮೇ

ಕಿಟಕಿ ಪಕ್ಕದ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದೆ. ಕೆನ್ನೆಯ ಸಣ್ಣ ಗುಳ್ಳೆಗಳು ಬಹುಪಾಲು ಹೋಗಿವೆ. ಕೈ ಆಡಿಸಿದರೆ ತರಿತರಿ ಇಲ್ಲ. ದವಡೆಯ ಮೇಲೆ ಮುಟ್ಟಿನ ಮುಂಚೆ ಒಂದೆರಡು ಏಳುತ್ತವೆ, ಆದರೆ ಮೊದಲಿನ ಹಾಗೆ ನೋವಿನ ಗಂಟು ಕಟ್ಟುವುದಿಲ್ಲ. ಮೂಗಿನ ಪಕ್ಕದ ಬ್ಲ್ಯಾಕ್‌ಹೆಡ್ ಕಮ್ಮಿಯಾಗಿವೆ, ಪೂರ್ತಿ ಹೋಗಿಲ್ಲ. ಹಳೇ ಕಲೆಗಳು ತಿಳಿಯಾಗಿವೆ, ಗದ್ದದ ಎಡಗಡೆಯದು ಮಾತ್ರ ಹಾಗೇ ಇದೆ.

ಡಾಕ್ಟರ್ ಮೇಡಂ ಫೋಟೋ ನೋಡಿ ಖುಷಿಪಟ್ಟರು. ಅಡಾಪಲೀನ್ ನಿಲ್ಲಿಸುವುದು ಬೇಡ, ಕಾಣದ ಮೊಡವೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂದರು. ಬೆಂಜಾಯ್ಲ್ ಪೆರಾಕ್ಸೈಡ್ ಕೀವು ಕಂಡಾಗ ಸಾಕು. ಉಳಿದ ಕಲೆಗೆ ಅಜೆಲಾಯಿಕ್ ಆಸಿಡ್ ಸೇರಿಸುವ ಮಾತು ಬಂತು. ಅದು ಮೊಡವೆಗೂ ಕಲೆಗೂ ಆಗುತ್ತದೆ, ಬಸುರಿಯರಿಗೂ ಕೊಡುವಂಥದ್ದು. ಆದರೆ ಅದನ್ನೂ ಒಂದೇ ಸಲಕ್ಕೆ ಬೇಡ, ಮಳೆ ಹಿಡಿದು ಬಿಸಿಲು ಇಳಿದ ಮೇಲೆ, ಮೊದಲು ವಾರಕ್ಕೆ ಒಂದೆರಡು ದಿನ. ಜೂನ್‌ನಲ್ಲಿ ಅದನ್ನು ಶುರು ಮಾಡಿ, ಗದ್ದದ ಎಡಗಡೆಯ ಫೋಟೋ ಬೇರೆಯಾಗಿ ಇಡುತ್ತೇನೆ.