ಮಿಂಚುಳ್ಳಿ ಹಿಂದಿನ ಗೇಟು

ನಮ್ ಭಾವನಿಗೆ ಹಕ್ಕಿ ಹುಚ್ಚು. ಇರೋದು ಅರಸೀಕೆರೆಯಲ್ಲಿ, ಬ್ಯಾಂಕ್ ಕೆಲಸ, ಭಾನುವಾರ ಬಂತು ಅಂದ್ರೆ ಯಾವುದಾದ್ರೂ ಕೆರೆ ಏರಿ ಮೇಲೆ ಮಕಾಡೆ ಮಲಗಿರ್ತಾರೆ, ಅಕ್ಕ ಫೋನ್ ಮಾಡಿ ಮನೆಗೆ ಗ್ಯಾಸ್ ಸಿಲಿಂಡರ್ ಬಂತು ಅಂದ್ರೂ "ಶ್, ಆಮೇಲೆ" ಅಂತ ಕಟ್ ಮಾಡ್ತಾರೆ. ಅವರ ಕ್ಯಾಮೆರಾ ಲೆನ್ಸು ನನ್ನ ಮೊಣಕೈಯಷ್ಟು ಉದ್ದ ಇದೆ, ಮೇಲೆ ಹಸಿರು ಬಟ್ಟೆ ಬೇರೆ ಸುತ್ತಿದಾರೆ, ಹಕ್ಕಿ ಹೆದರಬಾರ್ದು ಅಂತ. ಹಕ್ಕಿ ಹೆದರುತ್ತೋ ಇಲ್ವೋ ಗೊತ್ತಿಲ್ಲ, ಮನುಷ್ಯರಂತೂ ಹೆದರ್ತಾರೆ ಅನ್ನೋದು ಈ ಸಲದ ಟ್ರಿಪ್ಪಲ್ಲಿ ಗೊತ್ತಾಯ್ತು.

ಎರಡು ದಿನದ ಪ್ಲಾನ್ ಅಷ್ಟೇ. ನಾನು ಬೆಂಗಳೂರಿಂದ ರೈಲಲ್ಲಿ ಅರಸೀಕೆರೆಗೆ ಹೋಗೋದು, ಅಲ್ಲಿಂದ ಭಾವನ ಕಾರಲ್ಲಿ ಹಾಸನ, ಸಕಲೇಶಪುರ, ವಾಪಸ್ ಬರ್ತಾ ಬೇಲೂರು ಹಳೇಬೀಡು. ಅಕ್ಕ ಬರಲ್ಲ ಅಂದ್ಲು. "ನೀವಿಬ್ರೂ ಪೊದೆಯಲ್ಲಿ ಕೂತ್ಕೊಳ್ಳೋದಕ್ಕೆ ನಾನ್ಯಾಕೆ" ಅಂದ್ಲು, ನ್ಯಾಯವೇ.

ಹಾಸನದಲ್ಲಿ ಭಾವನ ಸ್ನೇಹಿತರೊಬ್ಬರಿಗೆ ಏನೋ ಕವರ್ ಕೊಡೋದಿತ್ತು, ಅದಕ್ಕೆ ಸಾಲಗಾಮೆ ರಸ್ತೆ ಕಡೆ ಹೋದ್ವಿ. ಇಸ್ರೋದ ಎಂಸಿಎಫ್ ಇರೋದು ಅಲ್ಲೇ, ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 1982ರಿಂದ ಇದೆ, ಇನ್ಸಾಟ್ ಶುರುವಾದಾಗಿಂದ. 36 ಸಾವಿರ ಕಿಲೋಮೀಟರ್ ಮೇಲೆ ಇರೋ ನಮ್ಮ ಉಪಗ್ರಹಗಳನ್ನ ಅತ್ತಿತ್ತ ಸರಿಯದ ಹಾಗೆ ಹಿಡ್ಕೊಂಡಿರೋದು ಇಲ್ಲಿಂದ, 2005ರಲ್ಲಿ ಭೋಪಾಲಲ್ಲಿ ಎರಡನೇದು ಆಯ್ತು, ಅದಕ್ಕೂ ಮುಂಚೆ ಎಲ್ಲಾ ಹಾಸನವೇ. ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಆಕಾಶಕ್ಕೆ ಬಾಯಿ ಬಿಟ್ಕೊಂಡು ಕೂತಿರೋದನ್ನ ಚಿಕ್ಕವರಿದ್ದಾಗ ಬಸ್ಸಿಂದ ನೋಡಿ ನಾವು ಅದನ್ನ "ಸಾಂಬಾರ್ ಬೋಸಿ" ಅಂತಿದ್ವಿ. ನಾನು ಅಭ್ಯಾಸಬಲದಿಂದ ಜೇಬಿಂದ ಮೊಬೈಲ್ ತೆಗೆದೆ, ಭಾವ ಗೇರ್ ಬದಲಾಯಿಸ್ತಾನೇ ನನ್ನ ಕೈ ಮೇಲೆ ಒಂದು ಏಟು ಹಾಕಿದ್ರು. "ಒಳಗಿಡಯ್ಯ." ಇಟ್ಟೆ. ಅಲ್ಲಿ ಬೇಡ ಅಂದ್ರೆ ಬೇಡ, ಅದರಲ್ಲಿ ನಂಗೇನೂ ತಕರಾರಿಲ್ಲ. ಆದ್ರೆ ತಮಾಷೆ ನೋಡಿ, ಮಳೆಗಾಲದಲ್ಲಿ ಟೀವಿಯಲ್ಲಿ ದಿನಾ ತೋರಿಸ್ತಾರಲ್ಲ, ಇಡೀ ದೇಶದ ಮೇಲೆ ಮೋಡ ಮುಸುಕಿರೋ ಫೋಟೋ, ಅದನ್ನ ತೆಗೆಯೋ ಇನ್ಸಾಟ್ ಉಪಗ್ರಹಗಳನ್ನ ನೋಡ್ಕೊಳ್ಳೋದು ಇದೇ ಕಾಂಪೌಂಡ್ ಒಳಗಿಂದ. ದೇಶದ ಫೋಟೋ ತೆಗೆಸೋರ ಮನೆ ಫೋಟೋ ನಾವು ತೆಗೆಯೋ ಹಾಗಿಲ್ಲ.

ಆಮೇಲೆ ಒಂದು ಡ್ಯಾಮ್ ಹತ್ರ ಹೋದ್ವಿ. ಯಾವುದು ಅಂತ ಹೇಳಲ್ಲ, ಹಾಸನ ಚಿಕ್ಕಮಗಳೂರು ಕಡೆ ಡ್ಯಾಮಿಗೇನು ಬರ, ಪಾಪ ಆ ಸೆಕ್ಯೂರಿಟಿ ಅಣ್ಣನಿಗೆ ನನ್ನಿಂದ ತೊಂದ್ರೆ ಆಗೋದು ಬೇಡ. ಬಿಸಿಲಿತ್ತು, ನೀರು ಅರ್ಧಕ್ಕಿತ್ತು, ಗೇಟಿನ ಈಚೆಗೆ ಒಂದು ಕರೆಂಟ್ ವೈರು, ವೈರ್ ಮೇಲೆ ಮಿಂಚುಳ್ಳಿ. ಭಾವ ಕಾರ್ ನಿಲ್ಲಿಸಿದ್ದೂ ಗೊತ್ತಾಗ್ಲಿಲ್ಲ, ಇಳಿದಿದ್ದೂ ಗೊತ್ತಾಗ್ಲಿಲ್ಲ, ಆಗಲೇ ರಸ್ತೆ ಪಕ್ಕ ಒಂದು ಮಂಡಿ ಊರಿ ಟಕಟಕಟಕ ಅಂತ ಹೊಡೀತಿದ್ರು. ಒಂದು ಒಂಬತ್ತು ಹತ್ತು ಫ್ರೇಮ್ ಆಗಿರ್ಬೇಕು, ಅಷ್ಟ್ರಲ್ಲಿ ವಿಸಿಲ್ಲು. ಮಿಂಚುಳ್ಳಿ ಹಾರಿಹೋಯ್ತು.

ಬಂದೋರಿಗೆ ಐವತ್ತು ದಾಟಿರ್ಬಹುದು, ನೀಲಿ ಶರ್ಟು, ಕೈಯಲ್ಲಿ ಲಾಠಿ ಇಲ್ಲ, ಟಿಫನ್ ಕ್ಯಾರಿಯರ್ ಇತ್ತು, ಊಟಕ್ಕೆ ಹೊರಟಿದ್ರು ಅನ್ಸುತ್ತೆ.

"ಸಾರ್ ಇಲ್ಲಿ ಫೋಟೋ ತೆಗಿಯಂಗಿಲ್ಲ. ಬೋರ್ಡ್ ನೋಡ್ಲಿಲ್ವಾ?"

ಬೋರ್ಡು ಇತ್ತು, ಇಲ್ಲ ಅನ್ನಲ್ಲ. ಬಳ್ಳಿ ಹಬ್ಬಿ "ಛಾಯಾಗ್ರಹಣ ನಿ" ತನಕ ಕಾಣ್ತಿತ್ತು, ಮಿಕ್ಕಿದ್ದು ಎಲೆ ಹಿಂದೆ.

"ಹಕ್ಕಿ ತೆಗೀತಿದ್ದೆ ಕಣಣ್ಣ."

"ಹಕ್ಕಿ ಹಿಂದೆ ಗೇಟ್ ಐತಲ್ಲ ಸಾರ್."

ಅಲ್ಲಿಂದ ಶುರುವಾಯ್ತು. ಭಾವ ಕ್ಯಾಮೆರಾ ಹಿಂದಿನ ಸ್ಕ್ರೀನ್ ತೋರಿಸಿ, ನೋಡಿ ಇದು ಟೆಲಿ ಲೆನ್ಸು, ಹಕ್ಕಿ ಮಾತ್ರ ಶಾರ್ಪಾಗಿ ಬರೋದು, ಹಿಂದಿರೋದೆಲ್ಲ ಬ್ಲರ್ ಆಗೋಗುತ್ತೆ, ಅದು ಗೇಟೋ ಗೋಡೆಯೋ ಅಂತಾನೂ ತಿಳಿಯಲ್ಲ, ಅಂತ ಹತ್ತು ನಿಮಿಷ ಪಾಠ ಮಾಡಿದ್ರು. ಆ ಬಿಸಿಲಲ್ಲಿ ಸ್ಕ್ರೀನಲ್ಲಿ ಏನೂ ಕಾಣ್ತಿರ್ಲಿಲ್ಲ, ನಮ್ಮ ಮೂರೂ ಜನದ ಮುಖ ಕಾಣ್ತಿತ್ತು ಅಷ್ಟೇ. ಆತ ತಾಳ್ಮೆಯಿಂದ ಎಲ್ಲಾ ಕೇಳಿ ಕೊನೆಗೆ "ಡಿಲೀಟ್ ಮಾಡ್ಬಿಡಿ ಸಾರ್" ಅಂದ್ರು. ಇದೇ ಹೊತ್ತಲ್ಲಿ ನಮ್ಮ ಪಕ್ಕದಲ್ಲೇ ಒಂದು ಕಾಲೇಜ್ ಹುಡುಗರ ಗ್ಯಾಂಗು ಮೊಬೈಲಲ್ಲಿ ರೀಲ್ಸ್ ಮಾಡ್ತಿತ್ತು, ಹಾಡು ಹಾಕ್ಕೊಂಡು, ಗೇಟಿನ ಎದುರಿಗೇ. ನಾನು ಬೆರಳು ಮಾಡಿ ತೋರಿಸ್ದೆ.

"ಅದು ಮೊಬೈಲು ಸಾರ್. ಮೊಬೈಲ್ ಆದ್ರೆ ಏನ್ ಮಾಡಕ್ಕಾಗುತ್ತೆ, ಎಷ್ಟು ಜನಕ್ಕೆ ಅಂತ ಹೇಳೋದು. ಇದು ದೊಡ್ಡ ಕ್ಯಾಮೆರಾ. ಮೇಲಿನೋರು ಸಿಸಿಟಿವಿಯಲ್ಲಿ ನೋಡಿದ್ರೆ ನನ್ನ ಕೇಳ್ತಾರೆ."

ನಂಗೆ ಈ ಇಡೀ ವಿಷ್ಯ ಅರ್ಥ ಆಗಿದ್ದು ಈ ಒಂದು ಮಾತಲ್ಲಿ. ಏನನ್ನ ತೆಗೀತಿದೀರ ಅನ್ನೋದಲ್ಲ, ಯಾವುದರಲ್ಲಿ ತೆಗೀತಿದೀರ ಅನ್ನೋದು. ಎದೆಗೆ ನೇತಾಡೋ ಕರಿ ಕ್ಯಾಮೆರಾ ಕಂಡ್ರೆ ದೇಶಕ್ಕೆ ಅಪಾಯ, ಅದೇ ದೃಶ್ಯ ಮೊಬೈಲಲ್ಲಿ ಹೋಗಿ ಇಡೀ ಪ್ರಪಂಚಕ್ಕೆ ತಲುಪಿದ್ರೆ ಪರವಾಗಿಲ್ಲ. ಭಾವನೂ ಬಿಡ್ಲಿಲ್ಲ, "ಡ್ಯಾಮ್ ತುಂಬಿದಾಗ ಮಿನಿಸ್ಟ್ರುಗಳು ಬಾಗಿನ ಕೊಡೋಕೆ ಬರ್ತಾರಲ್ಲ, ಟೀವಿಯೋರು ಡ್ರೋನ್ ಹಾರಿಸಿ ಲೈವ್ ತೋರಿಸ್ತಾರಲ್ಲ, ಅವತ್ತು ಗೇಟ್ ಕಾಣಲ್ವಾ?" ಅಂದ್ರು.

"ಅವತ್ತು ಪರ್ಮಿಷನ್ ಇರ್ತದೆ ಸಾರ್."

ಇದಕ್ಕೇನು ಹೇಳ್ತೀರ. ಭಾವ ಒಂದೊಂದೇ ಡಿಲೀಟ್ ಮಾಡಿದ್ರು, ಆತ ಬಗ್ಗಿ ಎಣಿಸಿದ್ರು. ಆಮೇಲೆ ನಮಗೆ ಬೇಜಾರಾಗಿದ್ದು ನೋಡಿ ಆತನಿಗೇ ಬೇಜಾರಾಯ್ತು ಅನ್ಸುತ್ತೆ, ಮರದ ಕೆಳಗೆ ಕೂರಿಸಿ ಟಿಫನ್ ಕ್ಯಾರಿಯರ್ ಬಿಚ್ಚಿ ಒಂದೊಂದು ರೊಟ್ಟಿ ಕೈಗಿಟ್ರು, ಹುಚ್ಚೆಳ್ಳು ಚಟ್ನಿ. ಕಾಂಟ್ರಾಕ್ಟ್ ಕೆಲಸವಂತೆ, ಏಜೆನ್ಸಿ ಬದಲಾದಾಗಲೆಲ್ಲ ಯೂನಿಫಾರಂ ಬಣ್ಣ ಬದಲಾಗುತ್ತಂತೆ, ಸಂಬಳ ಮಾತ್ರ ಅದೇ. ಹೊರಡೋ ಹೊತ್ತಿಗೆ ಸಂಕೋಚದಿಂದ "ಸಾರ್, ಆ ಕ್ಯಾಮೆರಾದಲ್ಲಿ ನಂದೊಂದು ತೆಗೀತೀರಾ, ಮಗಳಿಗೆ ಕಳಿಸ್ಬೇಕು" ಅಂದ್ರು. ಭಾವ ರೆಡಿಯಾದ್ರು. ಆತ ನಿಂತಿದ್ದ ಕಡೆ ಹಿಂದಕ್ಕೆ ಗೇಟು! ಆತನೇ ತಿರುಗಿ ನೋಡಿ, "ಬ್ಯಾಡ ಬ್ಯಾಡ, ಈ ಕಡೆ ಬರ್ತೀನಿ ತಡೀರಿ" ಅಂತ ನೀಲಗಿರಿ ಮರಗಳಿಗೆ ಬೆನ್ನು ಹಾಕಿ ನಿಂತ್ರು. ನಿಯತ್ತು ಅಂದ್ರೆ ಅದು. ಫೋಟೋ ಚೆನ್ನಾಗಿ ಬಂತು, ಅಲ್ಲೇ ವಾಟ್ಸಾಪ್ ಮಾಡಿದ್ವಿ.

ಸಕಲೇಶಪುರದ ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ನಾನು ಮೊಬೈಲಲ್ಲಿ ಕಾನೂನು ಹುಡುಕಿದೆ, ಸುಮ್ನಿರೋಕೆ ಆಗಲ್ಲ ನಂಗೆ. ಅಫೀಶಿಯಲ್ ಸೀಕ್ರೆಟ್ಸ್ ಆಕ್ಟ್, 1923ರದ್ದು, ಬ್ರಿಟಿಷರು ಮಾಡಿಟ್ಟು ಹೋಗಿದ್ದು, ಇವತ್ತಿಗೂ ನಡೀತಿದೆ. ಅದರಲ್ಲಿ "ನಿಷೇಧಿತ ಸ್ಥಳ" ಅಂತ ಒಂದು ಪಟ್ಟಿ ಇದೆ. ಮಿಲಿಟರಿದು, ಮದ್ದುಗುಂಡು ಮಾಡೋ ಜಾಗ, ಇಂಥವು ತಾವಾಗೇ ಬರ್ತಾವೆ. ಆದ್ರೆ ರೈಲ್ವೆ, ರಸ್ತೆ, ಕಾಲುವೆ, ನೀರು ಕರೆಂಟಿನ ಸ್ಥಾವರ ಇವೆಲ್ಲ ತಾವಾಗೇ ಬರಲ್ಲ, ಕೇಂದ್ರ ಸರ್ಕಾರ ಗೆಜೆಟಲ್ಲಿ ನೋಟಿಫಿಕೇಶನ್ ಹೊರಡಿಸ್ಬೇಕು, ಅದರ ಪ್ರತಿಯನ್ನ ಇಂಗ್ಲಿಷಲ್ಲೂ ಆ ಊರಿನ ಭಾಷೆಯಲ್ಲೂ ಅಲ್ಲೇ ಅಂಟಿಸಿರಬೇಕು. ನಾವು ನೋಡಿದ ಬೋರ್ಡಲ್ಲಿ ಕಾಣೋ ಭಾಗದಲ್ಲಂತೂ ಅಂಥದ್ದೇನೂ ಇರ್ಲಿಲ್ಲ, ಬಳ್ಳಿ ಹಿಂದೆ ಇತ್ತೋ ಏನೋ. ಅದೂ ಅಲ್ದೆ ದೇಶದ ಸುರಕ್ಷತೆಗೆ ಧಕ್ಕೆ ತರೋ ಉದ್ದೇಶ ಇರ್ಬೇಕು, ಆಗ ರಕ್ಷಣೆಗೆ ಸಂಬಂಧಪಟ್ಟಿದ್ದಾದ್ರೆ 14 ವರ್ಷದ ತನಕ ಜೈಲು. 2022ರಲ್ಲಿ ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ, ಪೊಲೀಸ್ ಸ್ಟೇಷನ್ನೇ ಈ ಪಟ್ಟಿಯಲ್ಲಿಲ್ಲ, ಅಲ್ಲಿ ವಿಡಿಯೋ ತೆಗೆದ್ರೆ ಈ ಕಾಯ್ದೆ ಹಾಕೋಕೆ ಬರಲ್ಲ ಅಂತ ಹೇಳಿದೆ.

ಇನ್ನೊಂದು ಮಜಾ ಇದೆ. ಕಾಯ್ದೆಯಲ್ಲಿ "ಸ್ಕೆಚ್" ಅನ್ನೋ ಪದ ಬರುತ್ತೆ, ಸ್ಕೆಚ್ ಅಂದ್ರೆ ಫೋಟೋನೂ ಸೇರಿದೆ ಅಂತ ವಿವರಣೆ ಕೊಟ್ಟಿದ್ದಾರೆ. ಅಂದ್ರೆ ಕಾನೂನಿನ ಲೆಕ್ಕದಲ್ಲಿ ಭಾವ ಡ್ಯಾಮ್ ಹತ್ರ ಸ್ಕೆಚ್ ಹಾಕ್ತಿದ್ರು! ಇದನ್ನ ಜೋರಾಗಿ ಹೇಳಿಬಿಟ್ಟೆ, ಪಕ್ಕದ ಟೇಬಲ್ಲಿನೋರು ತಿರುಗಿ ನೋಡಿದ್ರು.

"ನಗ್ಬೇಡ ಕಣಯ್ಯ" ಅಂದ್ರು ಭಾವ, "ಹೆಡ್ಲಿ ನೆನಪಿದ್ಯಾ?" ನೆನಪಿದೆ, ಯಾರಿಗಿಲ್ಲ. 2008ರ ಮುಂಬೈ ದಾಳಿಗೆ ಮುಂಚೆ ಎರಡು ವರ್ಷ ಬಂದು ಹೋಗಿ ಮಾಡಿ, ಟೂರಿಸ್ಟ್ ಥರಾನೇ ತಿರುಗಾಡಿ, ತಾಜ್ ಹೋಟೆಲ್ಲು, ರೈಲ್ವೆ ಸ್ಟೇಷನ್ನು ಎಲ್ಲಾ ಉಗ್ರರಿಗೋಸ್ಕರ ಕ್ಯಾಮೆರಾದಲ್ಲಿ ತುಂಬ್ಕೊಂಡು ಹೋಗಿದ್ದ. ಅವನನ್ನ ಯಾರೂ ವಿಸಿಲ್ ಹಾಕಿ ನಿಲ್ಲಿಸ್ಲಿಲ್ಲ, ಅದೇ ದುಃಖ. 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಗಲಾಟೆ ಆದಾಗ್ಲೂ ಅಷ್ಟೇ, ಮಿಲಿಟರಿ ವಿಮಾನ ನಿಲ್ದಾಣಗಳಲ್ಲಿ ಪ್ಯಾಸೆಂಜರ್ ವಿಮಾನ ಏರೋವಾಗ ಇಳಿಯೋವಾಗ ಕಿಟಕಿ ಪರದೆ ಹಾಕ್ಬೇಕು, ಫೋಟೋ ಬೇಡ ಅಂತ ವಿಮಾನಯಾನ ನೋಡ್ಕೊಳ್ಳೋ ಡಿಜಿಸಿಎ ಆರ್ಡರ್ ಮಾಡ್ತು. ಅದು ಸರಿ ಅನ್ಸುತ್ತೆ ನಂಗೆ, ಎಲ್ಲಿ, ಯಾವಾಗ, ಏನು ಅಂತ ಸ್ಪಷ್ಟವಾಗಿದೆ. ಬಳ್ಳಿ ಹಬ್ಬಿದ ಬೋರ್ಡಿಗೆ ಆ ಸ್ಪಷ್ಟತೆ ಇಲ್ಲ ನೋಡಿ, ಅದಕ್ಕೇ ಎಲ್ಲಾ ಭಾರ ಆ ನೀಲಿ ಶರ್ಟಿನ ಅಣ್ಣನ ಮೇಲೆ ಬೀಳುತ್ತೆ.

ಮಾರನೇ ದಿನ ಬೆಳಿಗ್ಗೆ ಮಂಜರಾಬಾದ್ ಕೋಟೆ. ಮೆಟ್ಟಿಲು ಹತ್ತಿ ಹೋದ್ರೆ ಮೋಡ, ಏನೂ ಕಾಣಲ್ಲ, ಅರ್ಧ ಗಂಟೆ ಕಾದ್ವಿ, ಆಮೇಲೆ ಪರದೆ ಸರಿದ ಹಾಗೆ ಪಶ್ಚಿಮ ಘಟ್ಟ ಬಂತು. ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗೀತು ಅಂತಾರೆ, ಎಂಟು ಮೂಲೆ ನಕ್ಷತ್ರ, ಫ್ರೆಂಚರ ಶೈಲಿ. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬರೋರ ಮೇಲೆ ಕಣ್ಣಿಡೋಕೆ ಕಟ್ಟಿದ್ದು. ಆ ಕಾಲದಲ್ಲಿ ಯಾರಾದ್ರೂ ಇಲ್ಲಿ ಕೂತು ಒಂದು ಹಾಳೆ ಮೇಲೆ ಇದರ ನಕ್ಷೆ ಬರೆದಿದ್ರೆ ಅವನ ತಲೆ ಉಳೀತಿತ್ತಾ? ಈಗ ನೋಡಿದ್ರೆ ಈ ಕೋಟೆ ಫೇಮಸ್ ಆಗಿರೋದೇ ಆ ನಕ್ಷೆಯಿಂದ. ನಡೆದು ಸುತ್ತಿದ್ರೆ ನಕ್ಷತ್ರ ಕಾಣಲ್ಲ, ಗೋಡೆ ಕಾಣುತ್ತೆ, ಮೂಲೆ ಕಾಣುತ್ತೆ, ಅಷ್ಟೇ. ಮೇಲಿಂದ ತೆಗೆದ ಫೋಟೋ ನೋಡೇ ಎಲ್ಲರೂ ಇಲ್ಲಿಗೆ ಬರೋದು, ನಾವೂ ಹಾಗೇ ಬಂದಿದ್ದು. ಗೂಗಲ್ ಅರ್ಥ್ ಬಂದ ಹೊಸದ್ರಲ್ಲಿ, 2005ರಲ್ಲಿ, ರಾಷ್ಟ್ರಪತಿ ಕಲಾಂ ಅವರೇ ಇದು ಭದ್ರತೆಗೆ ತೊಂದ್ರೆ ಅಂತ ಆತಂಕ ಪಟ್ಟಿದ್ರು. ಈಗ ನನ್ನ ಮೊಬೈಲಲ್ಲೇ ಝೂಮ್ ಮಾಡಿ ನಿನ್ನೆಯ ಡ್ಯಾಮಿನ ಗೇಟು ಎಣಿಸಿದೆ. ಎಣಿಸಿ ಭಾವನಿಗೆ ತೋರಿಸಿದೆ. ಭಾವ ಮಾತಾಡ್ಲಿಲ್ಲ, ಗೋಡೆ ಮೇಲೆ ಯಾವುದೋ ಹಕ್ಕಿ ಕೂತಿತ್ತು.

ಸಕಲೇಶಪುರದ ರೈಲು ಹಳಿ ಕಥೆನೂ ಹೀಗೇ. ಇಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರು, 57 ಸುರಂಗ. ನಾವು ಕಾಲೇಜಲ್ಲಿದ್ದಾಗ ಹಳಿ ಮೇಲೇ ನಡೆದು ಟ್ರೆಕ್ಕಿಂಗ್ ಮಾಡ್ತಿದ್ದದ್ದು, ಈಗ ಬಂದ್, ಹಳಿ ಮೇಲೆ ಹೋದ್ರೆ ರೈಲ್ವೆ ಕಾಯ್ದೆ 147ನೇ ಸೆಕ್ಷನ್ನು, ಅತಿಕ್ರಮ ಪ್ರವೇಶ ಅಂತ. ಅದು ಜೀವದ ಪ್ರಶ್ನೆ, ಬಿಡಿ, ಒಪ್ತೀನಿ. ಸುರಂಗ ಸೇತುವೆ ನೋಡ್ಬೇಕು ಅಂದ್ರೆ 2021ರಿಂದ ಗಾಜಿನ ಚಾವಣಿ ಇರೋ ವಿಸ್ಟಾಡೋಮ್ ಡಬ್ಬಿ ಇದೆ, ಕೂತವರೆಲ್ಲ ಗಾಜಿಗೆ ಮೊಬೈಲ್ ಅಂಟಿಸ್ಕೊಂಡೇ ಹೋಗೋದು.

ಬೇಲೂರಲ್ಲಿ ಜನವೋ ಜನ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಇನ್ನೂ ಜಾಸ್ತಿ. ಇಲ್ಲಿ ದೊಡ್ಡ ಕ್ಯಾಮೆರಾಕ್ಕೆ ಯಾರೂ ಏನೂ ಅನ್ನಲ್ಲ, ಭಾವ ಮನಸೋ ಇಚ್ಛೆ ತೆಗೆದ್ರು, ಮದನಿಕೆಯರನ್ನಲ್ಲ, ಗೋಪುರದ ಗಿಳಿಗಳನ್ನ. ಟ್ರೈಪಾಡ್ ಬಿಚ್ಚೋಕೆ ಹೋದಾಗ ಮಾತ್ರ ನಾನೇ ತಡೆದೆ, ಪುರಾತತ್ವ ಇಲಾಖೆ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಹಳೇಬೀಡಲ್ಲಿ ಸಂಜೆ ಬಿಸಿಲಿಗೆ ಆ ಗೋಡೆ ಮೇಲಿನ ಆನೆ ಸಾಲು ನೋಡ್ತಾ ಕೂತ್ವಿ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದಾಳಿಗೆ ಅಂತ ಇಲ್ಲಿಗೆ ದಾರಿ ಹುಡುಕ್ಕೊಂಡು ಬಂದಾಗ ಅವನ ಕೈಯಲ್ಲಿ ಯಾವ ಫೋಟೋ ಇತ್ತು, ಅಂದೆ. ಭಾವ, "ನಿಂಗೆ ಹಸಿವಾಗಿದೆ, ನಡಿ" ಅಂದ್ರು.

ಜಾವಗಲ್ ಮೇಲೆ ಅರಸೀಕೆರೆ ಸೇರೋ ಹೊತ್ತಿಗೆ ಎಂಟೂವರೆ. ಅಕ್ಕ ಮುದ್ದೆ, ಸೊಪ್ಪಿನ ಸಾರು ಮಾಡಿದ್ಲು. ಊಟ ಆಗಿ ಭಾವ ಲ್ಯಾಪ್‌ಟಾಪ್ ತೆಗೆದು ಕಾರ್ಡಿಂದ ಫೋಟೋ ಎಲ್ಲಾ ಅದಕ್ಕೆ ಮೂವ್ ಮಾಡಿದ್ರು, ಒಂದು ನಿಮಿಷ ಬಿಟ್ಟು "ಲೋ ಬಾರೋ ಇಲ್ಲಿ" ಅಂದ್ರು, ಪಿಸುಮಾತಲ್ಲಿ. ಅವರ ಕ್ಯಾಮೆರಾದಲ್ಲಿ ಎರಡು ಕಾರ್ಡಂತೆ, ಒಂದೇ ಫೋಟೋ ಎರಡರಲ್ಲೂ ಕೂರುತ್ತೆ. ಡ್ಯಾಮ್ ಹತ್ರ ಡಿಲೀಟ್ ಆಗಿದ್ದು ಒಂದರಿಂದ. ಇನ್ನೊಂದರಲ್ಲಿ ಒಂಬತ್ತಕ್ಕೆ ಒಂಬತ್ತೂ ಹಾಗೇ ಇದ್ವು.

ಮೊದಲನೇದನ್ನ ದೊಡ್ಡದು ಮಾಡಿದ್ರು. ಮಿಂಚುಳ್ಳಿ ಮಸುಕು. ಎರಡನೇದು, ಮಸುಕು. ಒಂಬತ್ತರಲ್ಲೂ ಹಕ್ಕಿ ಒಂದು ನೀಲಿ ಉಂಡೆ. ಆಟೋಫೋಕಸ್ ಹೋಗಿ ಕೂತಿದ್ದು ಹಿಂದಿನ ಗೇಟಿನ ಮೇಲೆ, ತುಕ್ಕು ಹಿಡಿದ ಒಂದೊಂದು ಬೋಲ್ಟೂ ಎಣಿಸೋ ಹಾಗೆ ಬಂದಿತ್ತು.

ಇಬ್ಬರೂ ಸ್ವಲ್ಪ ಹೊತ್ತು ನೋಡಿದ್ವಿ. ಅಡುಗೆಮನೆಯಿಂದ ಅಕ್ಕ, "ಹಕ್ಕಿ ಸಿಕ್ತಾ?" ಅಂದ್ಲು.

"ಇಲ್ಲ ಕಣೇ" ಅಂತ ಭಾವ ಒಂಬತ್ತನ್ನೂ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ರು, ಆಮೇಲೆ ರೀಸೈಕಲ್ ಬಿನ್ ತೆಗೆದು ಅಲ್ಲೂ ಖಾಲಿ ಮಾಡಿದ್ರು.