ಮಕ್ಕಳ ಲಿವರ್ ಕಸಿಗೊಂದು ಡಾಪ್ಲರ್ ಮಾದರಿ: ಕಿರಿದಾದ ಅಪಧಮನಿ ತೆರೆಗೆ ಬಂತು

ಡಾಪ್ಲರ್, ಅಂದರೆ ರಕ್ತ ಹರಿಯುವ ವೇಗ ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್, ಕಲಿಯುವವರ ಅಭ್ಯಾಸಕ್ಕೆಂದು ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಎರೆದ ನಕಲಿ ಲಿವರ್ ಬ್ಲಾಕ್ ಈ ವಾರ ಕೆಲಸ ಮಾಡಿತು. ಅಪಧಮನಿ ಕಿರಿದಾದಾಗ ಅದರ ಮುಂದೆ ಕಾಣುವ, ಕುಳ್ಳಗೆ ನಿಧಾನವಾಗಿ ಏರುವ ಅಲೆ ಸ್ಕ್ಯಾನ್ ಯಂತ್ರದ ತೆರೆ ಮೇಲೆ ಚೆನ್ನಾಗಿ ಮೂಡಿತು.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಮಗುವಿನ ಲಿವರ್ ಕಸಿ ಮೊದಲು ಯಶಸ್ವಿಯಾದದ್ದು 1998ರಲ್ಲಿ, ದೆಹಲಿಯಲ್ಲಿ. ಈಗ ಬೆಂಗಳೂರಿನಲ್ಲೇ ಆಗುತ್ತದೆ. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ ಇರುವ ಮಕ್ಕಳೇ ಹೆಚ್ಚು. ಅಪ್ಪನದೋ ಅಮ್ಮನದೋ ಲಿವರ್‌ನ ಎಡಭಾಗದ ತುಂಡನ್ನು ಜೋಡಿಸುತ್ತಾರೆ. ಮಗು ಚೇತರಿಸಿಕೊಂಡು ಮಂಡ್ಯಕ್ಕೋ ನಂಜನಗೂಡಿಗೋ ಮರಳುತ್ತದೆ. ಆಮೇಲೊಂದು ದಿನ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೊದಲು ಪ್ರೋಬ್ ಇಡುವವರು ನಮ್ಮಂಥ ಊರಿನ ರೇಡಿಯಾಲಜಿಸ್ಟ್‌ಗಳು. ಕಸಿಯಾದ ಮೇಲೆ ಪಿತ್ತನಾಳಕ್ಕೆ ರಕ್ತ ಕೊಡುವುದು ಲಿವರ್‌ನ ಹೆಪಾಟಿಕ್ ಅಪಧಮನಿಯೊಂದೇ. ಅದು ಕಟ್ಟಿಕೊಂಡರೆ ನಾಳ ಕೊಳೆಯುತ್ತದೆ, ಪಿತ್ತ ಸೋರುತ್ತದೆ, ಕೀವು ತುಂಬುತ್ತದೆ. ಮಕ್ಕಳಲ್ಲಿ ಆ ರಕ್ತನಾಳ ತುಂಬ ಸಣ್ಣದು, ಅದಕ್ಕೇ ಅಪಾಯ ದೊಡ್ಡವರಿಗಿಂತ ಜಾಸ್ತಿ. ಇಂಥ ಮಗು ನಮ್ಮ ಪಿಜಿಗಳ (ರೇಡಿಯಾಲಜಿ ಕಲಿಯುತ್ತಿರುವ ಸ್ನಾತಕೋತ್ತರ ವೈದ್ಯರ) ಕೈಗೆ ಸಿಗುವುದು ಅಪರೂಪ. ಸಿಕ್ಕ ದಿನವೇ ಕಲಿಯುತ್ತೇವೆ ಅಂದರೆ ಆಗದು.

ಬ್ಲಾಕ್‌ಗೆ ಹಾಕಿದ್ದು ಚೈನಾ ಗ್ರಾಸ್, ಗ್ಲಿಸರಿನ್, ಮತ್ತೆ ತೆರೆಯಲ್ಲಿ ಲಿವರ್‌ನಂಥ ಬೂದು ತರಿತರಿ ಕಾಣಲಿ ಅಂತ ಇಸಬ್ಗೋಲು. ರಕ್ತದ ಬದಲು, ಕುದಿಸಿ ಆರಿಸಿದ ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್. ಕುದಿಸದ ನೀರಲ್ಲಿ ಗಾಳಿಗುಳ್ಳೆ ಉಳಿದು ಡಾಪ್ಲರ್ ಕಿರುಚುತ್ತದೆ. ಪುಟ್ಟ ಪಂಪೊಂದು ಮಗುವಿನ ನಾಡಿಯಂತೆ ಮಿಡಿದು ಇದನ್ನು ಬ್ಲಾಕ್‌ನೊಳಗಿನ ಕೊಳವೆಯಲ್ಲಿ ಹರಿಸುತ್ತದೆ.

ಕೊಳವೆಗೆ ದಾರ ಬಿಗಿದು ಕಿರಿದು ಮಾಡಿದರೆ ಸಾಕೆಂದು ಪುಸ್ತಕ ಓದಿದರೆ ಅನ್ನಿಸುತ್ತದೆ. ಗಟ್ಟಿ ಕೊಳವೆಯಲ್ಲಿ ಅಲೆ ಕುಳ್ಳಾಯಿತೇ ಹೊರತು ಏರು ನಿಧಾನವಾಗಲಿಲ್ಲ. ದಾರ ದಾಟಿದ ಮೇಲೆ ಹರಿವು ಸಾಗುವ ಭಾಗಕ್ಕೆ ತೆಳು ರಬ್ಬರ್ ಕೊಳವೆ ಹಾಕಿದ ಮೇಲೆ ಬಂತು ನೋಡಿ! ನಾಳದ ಗೋಡೆ ಹಿಗ್ಗಿ ಕುಗ್ಗುವುದೂ ಈ ಅಲೆಯ ಕಾರಣದಲ್ಲಿ ಸೇರಿದೆ ಅನ್ನುವುದನ್ನು ಕಣ್ಣಾರೆ ಕಂಡೆ. ದಾರ ಬಿಗಿಯುವ ಮುಂಚೆ ಮೇಲಿನ ವೇಗ ಸೆಕೆಂಡಿಗೆ 60 ಸೆಂ.ಮೀ., ತಗ್ಗಿನದು 20; ರೆಸಿಸ್ಟಿವ್ ಇಂಡೆಕ್ಸ್ (ಎರಡರ ವ್ಯತ್ಯಾಸವನ್ನು ಮೇಲಿನ ವೇಗದಿಂದ ಭಾಗಿಸಿದ್ದು) 0.67. ಬಿಗಿದ ಮೇಲೆ 30 ಮತ್ತು 18, ಅಂದರೆ 0.4. ಸಾಮಾನ್ಯವಾಗಿ ಇದು 0.5ರಿಂದ 0.8ರೊಳಗೆ ಇರಬೇಕು, ಅಲೆ 0.08 ಸೆಕೆಂಡಿನೊಳಗೆ ತುದಿ ಮುಟ್ಟಬೇಕು.

ಒಪಿಡಿ ಮುಗಿದ ಮೇಲೆ ಸ್ಕ್ಯಾನ್ ರೂಮಿನಲ್ಲಿ ಇದನ್ನು ನೋಡಿದ ಮದ್ದೂರಿನ ಪಿಜಿ ಹುಡುಗ, "ಮೇಡಂ, ಇದು ದಿನ್ನೆ ಥರ ಐತಲ್ಲಾ" ಅಂದ. ಅಷ್ಟು ಗುರುತು ಹಿಡಿದರೆ ಅರ್ಧ ಕೆಲಸ ಆಯಿತು. ಅವನಿಗೆ ಇನ್ನೊಂದನ್ನೂ ಒತ್ತಿ ಹೇಳಿದೆ: ಮಕ್ಕಳಲ್ಲಿ ಅಪಧಮನಿ ಪೂರ್ತಿ ಮುಚ್ಚಿದರೂ ಕೆಲವು ವಾರಗಳಲ್ಲಿ ಪಕ್ಕದ ಸಣ್ಣ ನಾಳಗಳು ಬೆಳೆದು ಲಿವರ್ ಒಳಗೆ ರಕ್ತ ಹರಿಯಬಹುದು. ತೆರೆಯಲ್ಲಿ ಹರಿವಿನ ಬಣ್ಣ ಕಂಡಿತು, ಎಲ್ಲ ಸರಿ ಇದೆ ಅಂತ ರಿಪೋರ್ಟ್ ಬರೆಯಬಾರದು, ಅಲೆಯ ಆಕಾರ ನೋಡಬೇಕು. ದಿನ್ನೆ ಕಂಡರೆ ಅದೇ ದಿನ ಕಸಿ ತಂಡಕ್ಕೆ ಫೋನ್ ಮಾಡಬೇಕು, ಸಿಟಿ ಆಂಜಿಯೋಗ್ರಾಂ ಮಾತು ಎತ್ತಬೇಕು.

ಮುಂದಿನ ಬ್ಲಾಕ್ ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ಸಿರೆಗೆ. ಅಲ್ಲಿ ಮಿಡಿತ ಬೇಡ, ಒಂದೇ ಸಮನೆ ಹರಿದರೆ ಸಾಕು. ಜೋಡಿಸಿದ ಜಾಗದಲ್ಲಿ ವೇಗ ಅದರ ಹಿಂದಿನದಕ್ಕಿಂತ ಮೂರು ಪಟ್ಟಾಗುವಷ್ಟು ಕಿರಿದು ಮಾಡಬೇಕು. ಅಗಲ ಕೊಳವೆ ತಂದಾಗಿದೆ, ಚೈನಾ ಗ್ರಾಸ್ ತರಬೇಕು.